ಇಂಡೋನೇಷ್ಯಾದ ಸ್ವಾತಂತ್ರ್ಯ ದಿನವನ್ನು ಒಪ್ಪಿಕೊಳ್ಳಲು ನೆದರ್ಲೆಂಡ್ಸ್‌ಗೆ 78 ವರ್ಷ ಏಕೆ ಬೇಕಾಯಿತು? ಈಗ ಆ ಎರಡು ದೇಶಗಳ ಸಂಬಂಧ ಹೇಗಿದೆ?

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಚೆನ್ನಾಗಿಯೇ ಇದೆ. ಮೊದಲನೆಯದಕ್ಕೆ ಸ್ವಲ್ಪ ಕೂತು ಹೇಳಬೇಕು. ತಾರೀಖನ್ನು ಒಪ್ಪಿಕೊಂಡರೆ ಅದರ ಬೆನ್ನಿಗೇ ಲೆಕ್ಕದ ಪುಸ್ತಕವೂ ಬರುತ್ತದೆ. ಡಚ್ಚರು ಹೆದರಿದ್ದು ಆ ಪುಸ್ತಕಕ್ಕೆ.

ನಾನು ಇತಿಹಾಸದ ಮೇಷ್ಟ್ರಲ್ಲ. ಸಾಫ್ಟ್‌ವೇರ್ ಕೆಲಸಕ್ಕೆಂದು ಏಳು ವರ್ಷಗಳ ಹಿಂದೆ ಹೇಗ್ ನಗರದ ಅಂಚಿಗೆ ಬಂದು ಬಿದ್ದವನು. ಊರು ಕಲಬುರಗಿ ಜಿಲ್ಲೆ. ಊರಿನ ಹೆಸರನ್ನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಕಡೆಯವರಿಗೆ ಎರಡು ತಾರೀಖಿನ ಸ್ವಾತಂತ್ರ್ಯ ಹೊಸ ವಿಷಯವಲ್ಲ. ದೇಶಕ್ಕೆ ಬಿಡುಗಡೆ 1947ರ ಆಗಸ್ಟ್ 15ರಂದು, ನಿಜಾಮನ ಆಳ್ವಿಕೆಯಲ್ಲಿದ್ದ ನಮಗೆ 1948ರ ಸೆಪ್ಟೆಂಬರ್ 17ರಂದು. ಶಾಲೆಯಲ್ಲಿ ಎರಡು ದಿನವೂ ಧ್ವಜ ಹಾರಿಸಿ ಎರಡು ದಿನವೂ ಪೇಡೆ ತಿಂದವರು ನಾವು. ಹಾಗಾಗಿ ಇಲ್ಲಿಗೆ ಬಂದ ಮೇಲೆ ಈ ಜಗಳ ನನ್ನ ಕಿವಿಗೆ ಬೇಗ ಬಿತ್ತು.

ಬಿದ್ದದ್ದು ಪಕ್ಕದ ಮನೆಯವರಿಂದ. ಅವರು ಎಪ್ಪತ್ತು ದಾಟಿದವರು, ಹುಟ್ಟಿದ್ದು ಸುರಬಾಯದಲ್ಲಿ. ತಂದೆಯ ಕಡೆ ಡಚ್ ರಕ್ತ, ತಾಯಿಯ ಕಡೆ ಜಾವಾ. ಇಂಥವರನ್ನು ಇಲ್ಲಿ ಇಂಡೋ ಎನ್ನುತ್ತಾರೆ. ಇಂಡೋ ಮನೆಗಳಲ್ಲಿ ಹಿರಿಯರನ್ನು ಬರೀ ಹೆಸರಿನಿಂದ ಕರೆಯುವ ಪದ್ಧತಿ ಇಲ್ಲ. ಗಂಡಸಾದರೆ ಓಮ್, ಹೆಂಗಸಾದರೆ ತಾಂತೆ, ನಮ್ಮ ಕಾಕಾ, ಕಾಕಿ ಇದ್ದ ಹಾಗೆ. ನಾನೂ ಓಮ್ ಎಂದೇ ಕರೆಯುತ್ತೇನೆ. ಬಂದ ಮೊದಲ ವರ್ಷ ಆಗಸ್ಟ್ 15ರಂದು ಭಾರತದ ರಾಯಭಾರ ಕಚೇರಿಯ ಧ್ವಜಾರೋಹಣ ಮುಗಿಸಿ ಮನೆಗೆ ಬಂದಾಗ ಓಮ್ ಕಪ್ಪು ಸೂಟು ತೊಟ್ಟು ಹೊರಟಿದ್ದರು. ಕೋಟಿನ ಮೇಲೆ ಬಿಳಿಯ ಹೂವಿನ ಒಂದು ಪಿನ್ನು. ನೋಡಿದರೆ ಮಲ್ಲಿಗೆ! ಕೇಳಿದೆ. 'ಮೆಲಾತಿ' ಎಂದರು. ನಮ್ಮ ಸಂಸ್ಕೃತದ ಮಾಲತಿಯೇ ಹಡಗು ಹತ್ತಿ ಜಾವಾಕ್ಕೆ ಹೋಗಿ, ಅಲ್ಲಿಂದ ಈ ಮಳೆಯ ಊರಿನ ಕೋಟಿನ ಮೇಲೆ ಬಂದು ಕೂತಿತ್ತು.

ಅವರು ಹೊರಟಿದ್ದದ್ದು ಊರಿನ ಸ್ಮಾರಕವೊಂದಕ್ಕೆ. ಏಷ್ಯಾದಲ್ಲಿ ಎರಡನೆಯ ಮಹಾಯುದ್ಧ ಮುಗಿದದ್ದು 1945ರ ಆಗಸ್ಟ್ 15ರಂದು. ಡಚ್ಚರ ವಸಾಹತಾಗಿದ್ದ ಇಂಡೋನೇಷ್ಯಾವನ್ನು ಆ ಯುದ್ಧದಲ್ಲಿ ಜಪಾನ್ ಹಿಡಿದುಕೊಂಡಿತ್ತು. ಆಗಿನ ಜಪಾನಿ ಶಿಬಿರಗಳಲ್ಲಿ ಸತ್ತವರನ್ನು ಅಂದು ಅಲ್ಲಿ ನೆನೆಯುತ್ತಾರೆ. 1988ರಲ್ಲಿ ನಿಲ್ಲಿಸಿದ ಸ್ಮಾರಕ. ನಾನೂ ಜೊತೆಗೆ ಹೋದೆ. ವಾಪಸು ಬರುವಾಗ ಕೇಳಿದೆ, 'ಹಾಗಾದರೆ ಇಂಡೋನೇಷ್ಯಾದ ಸ್ವಾತಂತ್ರ್ಯ ದಿನ?' ಓಮ್ ಬಸ್ಸಿನ ಕಿಟಕಿಯ ಕಡೆಗೆ ತಿರುಗಿ 'ಯಾರನ್ನು ಕೇಳುತ್ತೀಯೋ ಅದರ ಮೇಲೆ' ಎಂದರು.

ಈಗ ಕಥೆಗೆ ಬರೋಣ. ಜಪಾನ್ ಸೋಲೊಪ್ಪಿಕೊಂಡ ಎರಡೇ ದಿನಕ್ಕೆ, ಆಗಸ್ಟ್ 17ರ ಬೆಳಗ್ಗೆ ಹತ್ತು ಗಂಟೆಗೆ, ಜಕಾರ್ತದ ಒಂದು ಮನೆಯ ಮುಂದೆ ಸ್ವಾತಂತ್ರ್ಯ ಹೋರಾಟದ ನಾಯಕ ಸುಕಾರ್ನೊ ಸ್ವಾತಂತ್ರ್ಯ ಘೋಷಣೆಯ ಹಾಳೆಯೊಂದನ್ನು ಹಿಡಿದು ಓದಿದರು. ಪಕ್ಕದಲ್ಲಿ ಹೋರಾಟದ ಜೊತೆಗಾರ ಮೊಹಮ್ಮದ್ ಹತ್ತಾ. ಮೇಲೇರಿದ ಕೆಂಪು ಬಿಳಿ ಬಾವುಟವನ್ನು ಹೊಲಿದವರು ಸುಕಾರ್ನೊ ಅವರ ಪತ್ನಿ ಫತ್ಮಾವತಿ. ಘೋಷಣೆ ಎರಡೇ ವಾಕ್ಯದ್ದು. ಅದರ ಕೆಳಗಿನ ತಾರೀಖನ್ನು ನೋಡಿ ನಾನು ಬೆಪ್ಪಾದೆ: ದಿನ 17, ತಿಂಗಳು 8, ವರ್ಷ 05. ನಲವತ್ತೈದಲ್ಲ, ಸೊನ್ನೆ ಐದು! ಜಪಾನಿ ಪಂಚಾಂಗದ ಪ್ರಕಾರ ಅದು 2605ನೇ ಇಸವಿ. ಮೂರು ವರ್ಷಗಳಿಂದ ಕಚೇರಿಯ ಕಾಗದಗಳೆಲ್ಲ ಹಾಗೆಯೇ ನಡೆದಿದ್ದವು, ಸ್ವಾತಂತ್ರ್ಯದ ಕಾಗದಕ್ಕೂ ಅದೇ ರೂಢಿ ಬಂತು. ಈ ತಾರೀಖಿನ ಜಗಳ ಘೋಷಣೆಯ ಹಾಳೆಯಲ್ಲೇ ಹುಟ್ಟಿತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಡಚ್ಚರ ವಾದ ಏನಿತ್ತೆಂದರೆ, ಸುಕಾರ್ನೊ ಜಪಾನೀಯರ ಜೊತೆ ಕೈಜೋಡಿಸಿದವರು, ಈ ಗಣರಾಜ್ಯ ಜಪಾನ್ ಬಿಟ್ಟುಹೋದ ಸರಕು, ನಾವು ಹಿಂತಿರುಗಿ ಬಂದು ಹಳೆಯ ಆಡಳಿತ ನಡೆಸುತ್ತೇವೆ. ಜರ್ಮನರ ಹಿಡಿತದಿಂದ ತಾವೇ ಬಿಡಿಸಿಕೊಂಡು ಮೂರು ತಿಂಗಳಾಗಿತ್ತಷ್ಟೆ. ಐದು ವರ್ಷ ಪರರ ಬೂಟಿನ ಕೆಳಗಿದ್ದವರು ಮತ್ತೊಬ್ಬರ ಮೇಲೆ ಬೂಟು ಇಡಲು ಹಡಗು ಹತ್ತಿದರು. ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಇಲ್ಲಿಂದ ಹೋದರು.

1947ರ ಜುಲೈನಲ್ಲಿ ಒಂದು ದಾಳಿ, 1948ರ ಡಿಸೆಂಬರಿನಲ್ಲಿ ಇನ್ನೊಂದು. ಈ ಎರಡಕ್ಕೂ ಡಚ್ಚರು ಇಟ್ಟ ಹೆಸರು 'ಪೊಲೀಸ್ ಕಾರ್ಯಾಚರಣೆ'. ನಾನು ಮೊದಲ ಸಲ ಓದಿದಾಗ ನಗು ಬಂತು, ಏಕೆಂದರೆ ನಮ್ಮ ಅಜ್ಜ 1948ರ ಸೆಪ್ಟೆಂಬರಿನದನ್ನು ಕರೆಯುತ್ತಿದ್ದದ್ದೂ ಅದೇ ಹೆಸರಿನಿಂದ. ವಿಷಯ ಒಂದೇ ಅಲ್ಲ. ನಮ್ಮ ಕಡೆ ರಜಾಕಾರರ ಕಾಟದಿಂದ ಬೇಸತ್ತಿದ್ದ ಜನ ಆ ಸೇನೆಗಾಗಿ ಕಾಯುತ್ತಿದ್ದರು. ಆದರೆ ಹೆಸರಿನ ಜಾಣತನ ಒಂದೇ. ಯುದ್ಧ ಎಂದರೆ ಇನ್ನೊಂದು ದೇಶದ ಮೇಲೆ ಹೋದಂತಾಗುತ್ತದೆ, ವಿಶ್ವಸಂಸ್ಥೆ ಕೇಳುತ್ತದೆ. ಪೊಲೀಸ್ ಎಂದರೆ ಮನೆಯೊಳಗಿನ ವಿಚಾರ, ನೀವು ಬಾಗಿಲ ಆಚೆ ನಿಲ್ಲಿ ಎಂದಂತೆ.

ಬಾಗಿಲ ಆಚೆ ನಿಲ್ಲದವರಲ್ಲಿ ಭಾರತ ಮುಂದಿತ್ತು. ಆಸ್ಟ್ರೇಲಿಯಾದ ಜೊತೆ ಸೇರಿ ಭಾರತ ಈ ವಿಷಯವನ್ನು ಭದ್ರತಾ ಮಂಡಳಿಗೆ ಒಯ್ದದ್ದು 1947ರ ಜುಲೈ ಕೊನೆಯಲ್ಲಿ, ಅಂದರೆ ನಮಗೇ ಸ್ವಾತಂತ್ರ್ಯ ಬರುವ ಮುನ್ನ. ಅದೇ ತಿಂಗಳು ಒಡಿಶಾದ ಬಿಜು ಪಟ್ನಾಯಕ್ ತಾವೇ ಡಕೋಟಾ ವಿಮಾನ ಹಾರಿಸಿಕೊಂಡು ಜಾವಾಕ್ಕೆ ಹೋಗಿ ಇಂಡೋನೇಷ್ಯಾದ ಮೊದಲ ಪ್ರಧಾನಿ ಸುತಾನ್ ಶಹ್ರೀರ್ ಅವರನ್ನು ಡಚ್ಚರ ಕಣ್ಣು ತಪ್ಪಿಸಿ ಕರೆತಂದರು. ಎರಡನೆಯ ದಾಳಿಯಲ್ಲಿ ಡಚ್ಚರು ಗಣರಾಜ್ಯದ ಆಗಿನ ರಾಜಧಾನಿ ಯೋಗ್ಯಕರ್ತವನ್ನು ಹಿಡಿದು ಸುಕಾರ್ನೊ, ಹತ್ತಾ ಇಬ್ಬರನ್ನೂ ಸೆರೆಯಲ್ಲಿಟ್ಟಾಗ ನೆಹರು ಡಚ್ ವಿಮಾನಗಳಿಗೆ ನಮ್ಮ ಆಕಾಶ ಮುಚ್ಚಿದರು. 1949ರ ಜನವರಿಯಲ್ಲಿ ದೆಹಲಿಗೆ ಹಲವು ದೇಶಗಳನ್ನು ಕರೆದು ಸಮ್ಮೇಳನ ನಡೆಸಿದರು. ಯುದ್ಧಭೂಮಿಯಲ್ಲಿ ಗೆದ್ದ ಡಚ್ಚರು ಉಳಿದ ಎಲ್ಲ ಕಡೆ ಸೋತರು. ಯುದ್ಧದಲ್ಲಿ ನಲುಗಿದ ಯುರೋಪಿಗೆ ತಾನು ಕೊಡುತ್ತಿದ್ದ ಮಾರ್ಷಲ್ ಯೋಜನೆಯ ಹಣಕ್ಕೆ ಕುತ್ತು ಬಂದೀತೆಂದು ಅಮೆರಿಕ ಕಣ್ಣು ಬಿಟ್ಟ ಮೇಲೆ ಹೇಗ್‌ನಲ್ಲಿ ದುಂಡುಮೇಜಿನ ಪರಿಷತ್ತು ಕೂತಿತು.

1949ರ ಡಿಸೆಂಬರ್ 27ರಂದು ಆಮ್‌ಸ್ಟರ್‌ಡ್ಯಾಮ್‌ನ ಡಾಮ್ ಚೌಕದ ಅರಮನೆಯಲ್ಲಿ ರಾಣಿ ಯುಲಿಯಾನಾ ಸಹಿ ಹಾಕಿ ಹತ್ತಾ ಅವರಿಗೆ ಕಾಗದ ಕೊಟ್ಟರು. ಆ ಅರಮನೆಯನ್ನು ನಾನು ಟಿಕೆಟ್ ಕೊಂಡು ನೋಡಿದ್ದೇನೆ. ದೊಡ್ಡ ಸಭಾಂಗಣದ ನೆಲದಲ್ಲಿ ಅಮೃತಶಿಲೆಯ ಭೂಪಟಗಳಿವೆ. ಹದಿನೇಳನೆಯ ಶತಮಾನದಲ್ಲಿ ಡಚ್ ಹಡಗುಗಳು ಲೋಕ ಸುತ್ತುತ್ತಿದ್ದ ಕಾಲದ ಹೆಮ್ಮೆ ಅದು. ಭೂಗೋಳವನ್ನು ಕಾಲಡಿಯಲ್ಲಿ ಹಾಸಿಕೊಂಡಿದ್ದ ಅರಮನೆಯಲ್ಲೇ ಅದರ ದೊಡ್ಡ ತುಂಡೊಂದನ್ನು ಬಿಟ್ಟುಕೊಟ್ಟರು.

ಇಲ್ಲಿದೆ ನಿಮ್ಮ ಪ್ರಶ್ನೆಯ ಗಂಟು. ಡಚ್ಚರ ದಾಖಲೆಯಲ್ಲಿ ಇಂಡೋನೇಷ್ಯಾ ಹುಟ್ಟಿದ್ದು ಡಿಸೆಂಬರ್ 27ರಂದು, ಅವರು ಕೊಟ್ಟದ್ದರಿಂದ. ಇಂಡೋನೇಷ್ಯಾದ ಪ್ರಕಾರ ನಾಲ್ಕು ವರ್ಷ ಮೊದಲೇ, ತಾವು ತೆಗೆದುಕೊಂಡದ್ದರಿಂದ. ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ, ಮನೆ ನಮ್ಮದೆಂದು ಒಳಗೆ ಹೋಗಿ ದೀಪ ಹಚ್ಚಿದ್ದು ಒಂದು ದಿನ, ಖಾತೆ ಬದಲಾದದ್ದು ಇನ್ನೊಂದು ದಿನ. ನಡುವಿನ ನಾಲ್ಕು ವರ್ಷ ಆ ಮನೆ ಯಾರದು? ಹಳೆಯ ಯಜಮಾನನದಾದರೆ ಅವನು ಒಳಗೆ ನುಗ್ಗಿ ಹೊಡೆದದ್ದು ತನ್ನದೇ ಮನೆಯ ಗಲಾಟೆ. ಹೊಸಬರದಾದರೆ ಅದು ಅತಿಕ್ರಮ ಪ್ರವೇಶ, ಸತ್ತವರ ಲೆಕ್ಕ ಕೊಡಬೇಕು. ಸುಮಾರು ಒಂದು ಲಕ್ಷ ಇಂಡೋನೇಷ್ಯನ್ನರು ಆ ವರ್ಷಗಳಲ್ಲಿ ಸತ್ತರೆಂಬ ಅಂದಾಜಿದೆ. ಜೊತೆಗೆ ಅಲ್ಲಿಗೆ ಹೋಗಿ ಬಂದ ಡಚ್ ಯುವಕರು: ಕಾನೂನು ಕಾಪಾಡಲು ಹೋದವರೋ, ಬೇರೆ ದೇಶದ ಮೇಲೆ ದಂಡೆತ್ತಿ ಹೋದವರೋ? ಅವರು ಬದುಕಿರುವವರೆಗೆ ಈ ಮಾತನ್ನು ಎತ್ತುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ.

ಸ್ವಾತಂತ್ರ್ಯದ ಜೊತೆಗೆ ಇನ್ನೂ ಎರಡು ವಸ್ತು ಬಂದವು. ಒಂದು ಸಾಲ. ಹಳೆಯ ವಸಾಹತು ಸರ್ಕಾರದ 430 ಕೋಟಿ ಗಿಲ್ಡರ್ ಸಾಲವನ್ನು ಹೊಸ ದೇಶದ ಹೆಗಲಿಗೆ ಹೊರಿಸಿದರು. ಮನೆ ಬಿಟ್ಟುಕೊಟ್ಟವನು ಹಳೆಯ ಕರೆಂಟು ಬಿಲ್ಲನ್ನೂ ಕೈಗಿಟ್ಟ ಹಾಗೆ. ಇನ್ನೊಂದು ಪಪುವಾ. ನ್ಯೂಗಿನಿಯ ಪಶ್ಚಿಮಾರ್ಧ ಯಾರದೆಂದು ಒಂದು ವರ್ಷದೊಳಗೆ ಮಾತನಾಡಿ ತೀರ್ಮಾನಿಸೋಣ ಎಂದು ಒಪ್ಪಂದದಲ್ಲಿ ಬರೆದರು. ವರ್ಷ ಹೋಯಿತು, ಮಾತು ಮುಗಿಯಲಿಲ್ಲ. 1956ರಲ್ಲಿ ಇಂಡೋನೇಷ್ಯಾ ಒಪ್ಪಂದವನ್ನೇ ಹರಿದು ಹಾಕಿ ಉಳಿದ ಸಾಲವನ್ನೂ ಕೊಡುವುದಿಲ್ಲ ಎಂದಿತು. 1957ರ ಕೊನೆಯಲ್ಲಿ ವಿಶ್ವಸಂಸ್ಥೆಯಲ್ಲಿ ಪಪುವಾದ ನಿರ್ಣಯ ಬಿದ್ದುಹೋದ ಮೇಲೆ ಡಚ್ ಕಂಪನಿಗಳು, ತೋಟಗಳು, ಹಡಗುಗಳು ಒಂದೊಂದಾಗಿ ಇಂಡೋನೇಷ್ಯಾದ ವಶಕ್ಕೆ ಹೋದವು, ಡಚ್ ಪ್ರಜೆಗಳಿಗೆ ಹೊರಡಿ ಎಂದರು. ಆದೇಶ ಬಂದದ್ದು ಡಿಸೆಂಬರ್ 5ರಂದು. ಡಚ್ ಮಕ್ಕಳಿಗೆ ಉಡುಗೊರೆ ಸಿಗುವ ಸಿಂಟರ್‌ಕ್ಲಾಸ್ ಹಬ್ಬ ಅಂದು. ಅದಕ್ಕೆ ಈಗಲೂ ಇಲ್ಲಿ 'ಕಪ್ಪು ಸಿಂಟರ್‌ಕ್ಲಾಸ್' ಎಂಬ ಹೆಸರಿದೆ. 1960ರಲ್ಲಿ ಸುಕಾರ್ನೊ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಹಾಕಿದರು. ಅದಕ್ಕೆ ಆರಿಸಿಕೊಂಡ ದಿನ ಯಾವುದೆಂದು ಬೇರೆ ಹೇಳಬೇಕಿಲ್ಲ: ಆಗಸ್ಟ್ 17.

1962ರಲ್ಲಿ ಅಮೆರಿಕದ ಮಧ್ಯಸ್ಥಿಕೆಯಿಂದ ನ್ಯೂಯಾರ್ಕ್ ಒಪ್ಪಂದವಾಗಿ, ಮರುವರ್ಷ ಪಪುವಾ ಇಂಡೋನೇಷ್ಯಾದ ಕೈಗೆ ಹೋಯಿತು, ರಾಯಭಾರಿಗಳು ಮತ್ತೆ ಬಂದರು. ಪಪುವಾದ ಜನರನ್ನು ಕೇಳಿದ್ದು 1969ರಲ್ಲಿ, ಅದೂ ಆಯ್ದ ಸುಮಾರು ಒಂದು ಸಾವಿರ ಮಂದಿಯನ್ನು. ಈ ಇಡೀ ವ್ಯವಹಾರದಲ್ಲಿ ಎರಡು ಕಡೆಯವರೂ ತಲೆ ತಗ್ಗಿಸಬೇಕಾದ ಜಾಗ ಅದು ಎಂಬುದು ನನ್ನ ಅಭಿಪ್ರಾಯ.

ಇನ್ನೂ ಒಂದು ಗುಂಪನ್ನು ಮರೆಯುವಂತಿಲ್ಲ. ಡಚ್ ವಸಾಹತು ಸೇನೆಯಲ್ಲಿದ್ದ ಮಲುಕು ದ್ವೀಪಗಳ ಸೈನಿಕರು. ಊರಲ್ಲಿ ಪ್ರತ್ಯೇಕ ಗಣರಾಜ್ಯ ಘೋಷಣೆಯಾಗಿ ಕಾದಾಟ ನಡೆದಿದ್ದರಿಂದ, 1951ರಲ್ಲಿ ಕುಟುಂಬ ಸಮೇತ ಸುಮಾರು 12,500 ಮಂದಿಯನ್ನು ತಾತ್ಕಾಲಿಕವೆಂದು ನೆದರ್ಲೆಂಡ್ಸ್‌ಗೆ ಕರೆತಂದರು. ಬಂದಿಳಿದವರಿಗೆ ಮೊದಲು ಸಿಕ್ಕಿದ್ದು ಸೇನೆಯಿಂದ ವಜಾ ಆದ ಸುದ್ದಿ. ವಾಸಕ್ಕೆ ಕೊಟ್ಟ ಜಾಗಗಳಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವೆಸ್ಟರ್‌ಬೋರ್ಕ್ ಶಿಬಿರವೂ ಒಂದು. ಆ ಮಕ್ಕಳ ಸಿಟ್ಟು ಎಪ್ಪತ್ತರ ದಶಕದಲ್ಲಿ ರೈಲು ಅಪಹರಣದವರೆಗೂ ಹೋಯಿತು. 2010ರಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಸಿಲೊ ಬಾಂಬಾಂಗ್ ಯುಧೊಯೊನೊ ಇಲ್ಲಿಗೆ ರಾಜ್ಯಭೇಟಿಗೆಂದು ಜಕಾರ್ತದಲ್ಲಿ ವಿಮಾನದೊಳಗೆ ಕೂತಾಗಿತ್ತು. ಅವರನ್ನು ಬಂಧಿಸಬೇಕೆಂದು ಇದೇ ಮಲುಕು ಗುಂಪು ಹೇಗ್‌ನ ನ್ಯಾಯಾಲಯದಲ್ಲಿ ಅರ್ಜಿ ಹಾಕಿದೆ ಎಂದು ತಿಳಿದು ಕೆಳಗಿಳಿದು ಮನೆಗೆ ಹೋದರು! ಅರ್ಜಿ ಮರುದಿನ ವಜಾ ಆಯಿತು. ಆದರೆ ಅಷ್ಟು ಹೊತ್ತಿಗೆ ಇಲ್ಲಿ ಹಾಸಿದ್ದ ರತ್ನಗಂಬಳಿ ಸುತ್ತಿಡುವ ಕೆಲಸ ನಡೆದಿತ್ತು.

ಸುಕಾರ್ನೊ ನಂತರ ಅಧ್ಯಕ್ಷರಾದ ಸುಹಾರ್ತೊ ಕಾಲದ್ದು ಬೇಗ ಹೇಳಿ ಮುಗಿಸುತ್ತೇನೆ: ಹಣದ ಸಂಬಂಧ. 1967ರಿಂದ ಇಂಡೋನೇಷ್ಯಾಕ್ಕೆ ನೆರವು ಕೊಡುವ ದೇಶಗಳ ಕೂಟಕ್ಕೆ ನೆದರ್ಲೆಂಡ್ಸ್ ಅಧ್ಯಕ್ಷನಾಗಿತ್ತು. 1991ರ ನವೆಂಬರಿನಲ್ಲಿ, ಆಗ ಇಂಡೋನೇಷ್ಯಾದ ವಶದಲ್ಲಿದ್ದ ಪೂರ್ವ ತಿಮೋರ್‌ನ ದಿಲಿ ಪಟ್ಟಣದ ಸ್ಮಶಾನದಲ್ಲಿ ಇಂಡೋನೇಷ್ಯಾದ ಸೈನಿಕರು ಗುಂಡು ಹಾರಿಸಿದರು. ಡಚ್ ಮಂತ್ರಿ ಯಾನ್ ಪ್ರೊಂಕ್ ಅದನ್ನು ಖಂಡಿಸಿ ನೆರವಿನ ಮಾತೆತ್ತಿದಾಗ ಸುಹಾರ್ತೊ, ನಿಮ್ಮ ಹಣವೇ ಬೇಡ ಎಂದು 1992ರಲ್ಲಿ ಕೂಟವನ್ನೇ ಬರಖಾಸ್ತು ಮಾಡಿಸಿದರು. ಮುನ್ನೂರು ವರ್ಷ ಸುಲಿದವನು ನೀತಿ ಹೇಳಿದರೆ ಮಾತು ಸರಿಯಿದ್ದರೂ ಮೈ ಉರಿಯುತ್ತದೆ.

ತಾರೀಖಿಗೆ ಮರಳೋಣ. 1995ರಲ್ಲಿ ಇಂಡೋನೇಷ್ಯಾಕ್ಕೆ 50 ತುಂಬಿತು. ರಾಣಿ ಬಿಯಾಟ್ರಿಕ್ಸ್ ಹೋದರು, ಆದರೆ ಆಗಸ್ಟ್ 17 ಕಳೆದ ನಾಲ್ಕು ದಿನಕ್ಕೆ. ಮದುವೆಗೆ ಕರೆದರೆ ಬೀಗರ ಔತಣ ಮುಗಿದ ಮೇಲೆ ಬಂದಂತೆ. ಇಲ್ಲಿನ ನಿವೃತ್ತ ಸೈನಿಕರನ್ನು ನೋಯಿಸಬಾರದೆಂಬ ಲೆಕ್ಕಾಚಾರ, ಅಲ್ಲಿನವರು ನೊಂದರು. 2005ರಲ್ಲಿ ವಿದೇಶಾಂಗ ಸಚಿವ ಬೆನ್ ಬೊಟ್ ಆಗಸ್ಟ್ 17ರ ಸಮಾರಂಭಕ್ಕೇ ಹೋದರು. ಅವರು ಹುಟ್ಟಿದ್ದು ಜಕಾರ್ತದಲ್ಲಿ, ಅದಿನ್ನೂ ಬಟಾವಿಯಾ ಆಗಿದ್ದಾಗ. ಬಾಲ್ಯದಲ್ಲಿ ಜಪಾನಿ ಶಿಬಿರ ಕಂಡವರು. ಆ ಯುದ್ಧದಲ್ಲಿ ನೆದರ್ಲೆಂಡ್ಸ್ ಇತಿಹಾಸದ ತಪ್ಪು ಬದಿಯಲ್ಲಿ ನಿಂತಿತ್ತು ಎಂದು ಒಪ್ಪಿದರು. 1945ರ ತಾರೀಖನ್ನು 'ರಾಜಕೀಯವಾಗಿ, ನೈತಿಕವಾಗಿ' ಸ್ವೀಕರಿಸುತ್ತೇವೆ ಎಂದರು. ಕಾನೂನಿನ ಮಾತೆತ್ತಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. ಆದರೂ ಅಷ್ಟು ದೂರ ಹೋದ ಮೊದಲ ಸಚಿವರು ಅವರೇ.

ಅಡ್ಡಗೋಡೆಯನ್ನು ಕೆಡವಿದವರು ಹಳ್ಳಿಯ ವಿಧವೆಯರು. ಪಶ್ಚಿಮ ಜಾವಾದ ರಾವಾಗೆಡೆ ಎಂಬ ಹಳ್ಳಿಗೆ 1947ರ ಡಿಸೆಂಬರ್ 9ರಂದು ಡಚ್ ಸೈನಿಕರು ಒಬ್ಬ ಹೋರಾಟಗಾರನನ್ನು ಹುಡುಕಿಕೊಂಡು ಬಂದರು. ಅವನು ಸಿಗಲಿಲ್ಲ. ಹಳ್ಳಿಯ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಇಂಡೋನೇಷ್ಯಾದ ಲೆಕ್ಕದಲ್ಲಿ 431 ಮಂದಿ. ಯಾರಿಗೂ ಶಿಕ್ಷೆಯಾಗಲಿಲ್ಲ. ಅರವತ್ತು ವರ್ಷ ಕಳೆದ ಮೇಲೆ ಆ ವಿಧವೆಯರು ಹೇಗ್‌ನ ನ್ಯಾಯಾಲಯಕ್ಕೆ ಬಂದರು. ಕಾಲಮಿತಿ ಮೀರಿದೆ ಎಂದಿತು ಸರ್ಕಾರ. ಈ ವಿಧವೆಯರ ವಿಷಯದಲ್ಲಿ ಕಾಲಮಿತಿಯ ನೆಪ ಹೇಳುವುದು ನ್ಯಾಯವಲ್ಲ ಎಂದು 2011ರ ಸೆಪ್ಟೆಂಬರ್ 14ರಂದು ತೀರ್ಪು ಬಂತು. ತಲಾ 20,000 ಯೂರೊ ಪರಿಹಾರ. ಆ ವರ್ಷ ಡಿಸೆಂಬರ್ 9ರಂದು ಡಚ್ ರಾಯಭಾರಿ ಅದೇ ಹಳ್ಳಿಗೆ ಹೋಗಿ ಕ್ಷಮೆ ಕೇಳಿದರು. ಮಂತ್ರಿಗಳು ಆರು ದಶಕ ಸವರಿಕೊಂಡು ಬಂದ ವಿಷಯವನ್ನು ಬೆರಳೆಣಿಕೆಯ ಮುದುಕಿಯರು ಮುಗಿಸಿದರು.

ಅಲ್ಲಿಂದ ಗಾಡಿ ಓಡಿತು. 2020ರ ಮಾರ್ಚಿನಲ್ಲಿ ರಾಜ ವಿಲೆಮ್ ಅಲೆಕ್ಸಾಂಡರ್ ಬೋಗೋರ್ ಅರಮನೆಯಲ್ಲಿ ಮಿತಿಮೀರಿದ ಹಿಂಸೆಗೆ ಕ್ಷಮೆ ಕೇಳಿದರು. ಅದೇ ಹೊತ್ತಿಗೆ ಜಾವಾದ ರಾಜಕುಮಾರ ದಿಪೊನೆಗೊರೊ ಅವರ ಕಠಾರಿಯೂ ಊರಿಗೆ ಮರಳಿತು. 1830ರಲ್ಲಿ ಮಾತುಕತೆಗೆಂದು ಕರೆದು ಡಚ್ಚರು ಬಂಧಿಸಿದ ವೀರ ಅವರು; ನಮ್ಮ ಕಿತ್ತೂರು ಚೆನ್ನಮ್ಮ, ರಾಯಣ್ಣನ ಕಾಲದವರು. 2022ರ ಫೆಬ್ರವರಿಯಲ್ಲಿ ಮೂರು ಡಚ್ ಸಂಶೋಧನಾ ಸಂಸ್ಥೆಗಳ ವರದಿ, ಆ ಹಿಂಸೆ ಯಾರೋ ಕೆಲವರ ಅತಿರೇಕವಲ್ಲ, ವ್ಯವಸ್ಥಿತವಾಗಿತ್ತು ಎಂದಿತು. ಕೊನೆಗೆ 2023ರ ಜೂನ್ 14ರಂದು ಸಂಸತ್ತಿನಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ, 1945ರ ಆಗಸ್ಟ್ 17ನ್ನು ಸಂಪೂರ್ಣವಾಗಿ, ಯಾವ ಷರತ್ತೂ ಇಲ್ಲದೆ ಒಪ್ಪುತ್ತೇವೆ ಎಂದರು. ಹೆಚ್ಚು ಕುಣಿಯಬೇಡಿ, ಕಾನೂನಿನ ಕಾಗದದಲ್ಲಿ ಡಿಸೆಂಬರ್ 27 ಇದ್ದಲ್ಲೇ ಇದೆ. ಆದರೆ ಒಂದು ದೇಶದ ಹುಟ್ಟುಹಬ್ಬವನ್ನು ಅದು ಹೇಳಿದ ದಿನವೇ ಒಪ್ಪುವುದು ಸಣ್ಣ ಮಾತೂ ಅಲ್ಲ.

ಈಗ ಹೇಗಿದೆ? ಇಂಡೋನೇಷ್ಯಾದ ಪಾಮ್ ಎಣ್ಣೆ ಯುರೋಪಿಗೆ ಬರುವ ದೊಡ್ಡ ಬಾಗಿಲು ರಾಟರ್‌ಡ್ಯಾಮ್. ಮುಳುಗುತ್ತಿರುವ ಜಕಾರ್ತಕ್ಕೆ ಸಮುದ್ರ ತಡೆಯುವ ವಿದ್ಯೆ ಹೇಳಿಕೊಡಲು ಹೋಗುವವರಲ್ಲಿ ಡಚ್ ಎಂಜಿನಿಯರುಗಳಿದ್ದಾರೆ. ವಸಾಹತು ಕಾಲದಲ್ಲಿ ಲೊಂಬೊಕ್ ದ್ವೀಪದಿಂದ ದೋಚಿದ ಒಡವೆಗಳು 2023ರಲ್ಲಿ ಹಿಂತಿರುಗಿದವು. 2025ರಲ್ಲಿ 'ಜಾವಾ ಮಾನವ' ಎಂಬ ಆದಿಮಾನವನ ಮೂಳೆಗಳಿರುವ ಸಂಗ್ರಹವನ್ನೂ ಕೊಡಲು ಒಪ್ಪಿದರು. ನಮ್ಮ ಆಫೀಸಿನಲ್ಲಿ ಬಂಡುಂಗ್‌ನ ಹುಡುಗಿಯೊಬ್ಬಳಿದ್ದಾಳೆ. ಅವಳ ಭಾಷೆಯಲ್ಲಿ ಕಚೇರಿ 'ಕಂತೋರ್', ಟವೆಲ್ಲು 'ಹಂದುಕ್', ಗಜ್ಜರಿ 'ವೊರ್ತೆಲ್', ಎಲ್ಲ ಡಚ್ ಪದಗಳೇ. ಡಚ್ ಸಹೋದ್ಯೋಗಿ ಚಿಂತೆ ಮಾಡುವುದಕ್ಕೆ ಹೇಳುವ 'ಪೀಕರೆನ್' ಬಂದದ್ದು ಮಲಯ ಭಾಷೆಯ 'ಪಿಕಿರ್' ಪದದಿಂದ. ಕಚೇರಿಯನ್ನು ಇವರು ಕೊಟ್ಟರು, ಚಿಂತೆಯನ್ನು ಅವರು ಕೊಟ್ಟರು ಎಂದು ನಾವು ಮೂವರೂ ನಕ್ಕಿದ್ದೇವೆ.

ರುಟ್ಟೆ ಹಾಗೆ ಹೇಳಿದ ದಿನ ಸಂಜೆ ಓಮ್ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. 'ಅಂತೂ ತಾರೀಖು ತೀರ್ಮಾನವಾಯಿತಲ್ಲ' ಎಂದೆ. ಅವರು ಉತ್ತರಿಸದೆ ಒಳಗೆ ಹೋಗಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದರು. ಅದರಲ್ಲಿ ಮಡಚಿ ಮಡಚಿ ಗೆರೆ ಬಿದ್ದ ಕಾಗದ, 1958ರದು. ಏಳು ವರ್ಷದ ಹುಡುಗನಾಗಿ ತಾಯಿಯ ಜೊತೆ ಇಲ್ಲಿ ಇಳಿದಾಗ ಮೈಮೇಲೆ ಇದ್ದದ್ದು ಹತ್ತಿಯ ಅಂಗಿ, ಹೊರಗೆ ಹಿಮ. ಸರ್ಕಾರ ಉಣ್ಣೆಯ ಕೋಟು ಕೊಟ್ಟಿತ್ತು. ಕೊಟ್ಟದ್ದು ಸಾಲವಾಗಿ. ಹಡಗಿನ ಖರ್ಚು, ಊಟ ವಸತಿಯ ಖರ್ಚು, ಕೋಟಿನ ಬೆಲೆ ಎಲ್ಲವನ್ನೂ ತಾಯಿಯ ಸಂಬಳದಿಂದ ಕಂತಿನಲ್ಲಿ ಮುರಿದುಕೊಂಡರಂತೆ. ಒಂದು ಸಾಲಿನ ಮೇಲೆ ಓಮ್ ಬೆರಳಿಟ್ಟು ತೋರಿಸಿದರು: ಹುಡುಗನ ಕೋಟು, ಒಂದು.